ಗಾಂಧೀಜಿ ಹಾಲು ಬಿಟ್ಟಿದ್ದು ನಿಜ, ಆಮೇಲೆ ಏನಾಯಿತು?

ಅರಸೀಕೆರೆಯಲ್ಲಿರುವ ನಮ್ಮ ದೊಡ್ಡಮ್ಮ ಹೋದ ವರ್ಷ ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟರು. ಸೊಸೆಯ ಫೋನಿನಲ್ಲಿ ಡೇರಿ ಕರುಗಳ ಒಂದು ವಿಡಿಯೊ ನೋಡಿದ್ದೇ ಕಾರಣ. ಬಿಟ್ಟಿದ್ದು ಅವರಿಷ್ಟ, ಅದರಲ್ಲಿ ತಪ್ಪೇನೂ ಇಲ್ಲ. ತೊಂದರೆ ಶುರುವಾಗಿದ್ದು ಆಮೇಲೆ ಬಂದ ಒಂದು ಫಾರ್ವರ್ಡ್‌ನಿಂದ. ಗಾಂಧೀಜಿ ಜೀವನಪೂರ್ತಿ ಹಾಲು ಮುಟ್ಟದೆ ಕಡಲೆಕಾಯಿ, ಹಣ್ಣು ತಿಂದೇ ಗಟ್ಟಿಯಾಗಿದ್ದರು, ಬಿ12 ಮಾತ್ರೆಯೆಲ್ಲ ಕಂಪನಿಗಳ ವ್ಯಾಪಾರ ಎಂದು ಅದರಲ್ಲಿತ್ತು. ದೊಡ್ಡಮ್ಮ ಡಾಕ್ಟರು ಬರೆದುಕೊಟ್ಟಿದ್ದ ಮಾತ್ರೆಯನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟುಬಿಟ್ಟರು.

ಇದಕ್ಕೆ ಪೂರ್ತಿ ಉಲ್ಟಾ ಫಾರ್ವರ್ಡ್ ಕೂಡ ನಿಮಗೆ ಬಂದಿರಬಹುದು. ಅದರಲ್ಲೂ ಅದೇ ಗಾಂಧೀಜಿ ಫೋಟೊ, ಪಕ್ಕದಲ್ಲೊಂದು ಮೇಕೆ. ಮೇಕೆ ಹಾಲು ಅಮೃತ, ಎಲ್ಲ ರೋಗಕ್ಕೂ ಮದ್ದು ಎಂಬ ಮಾತು. ಒಬ್ಬರೇ ಮನುಷ್ಯ ಎರಡಕ್ಕೂ ಸಾಕ್ಷಿಯಾಗುವುದು ಹೇಗೆ? ಅವರ ಬದುಕನ್ನು ಊಟದ ತಟ್ಟೆಯ ಕಡೆಯಿಂದ ಒಮ್ಮೆ ನೋಡೋಣ.

1869ರಲ್ಲಿ ಪೋರಬಂದರಿನ ವೈಷ್ಣವ ಮನೆಯಲ್ಲಿ ಹುಟ್ಟಿದ ಮೋಹನದಾಸರಿಗೆ ಸಸ್ಯಾಹಾರ ಮನೆಯಿಂದಲೇ ಬಂದದ್ದು. ಆದರೆ ಹೈಸ್ಕೂಲಿನಲ್ಲಿದ್ದಾಗ ಒಬ್ಬ ಗೆಳೆಯ, ಇಂಗ್ಲಿಷರು ಮಾಂಸ ತಿಂದೇ ನಮ್ಮನ್ನು ಆಳುತ್ತಿದ್ದಾರೆ ಎಂದು ನಂಬಿಸಿದ. ಆ ಕಾಲದ ಫಾರ್ವರ್ಡ್ ಅದು! ಹೊಳೆಯ ದಂಡೆಯಲ್ಲಿ ಕದ್ದು ಮೇಕೆ ಮಾಂಸ ತಿಂದ ಹುಡುಗನಿಗೆ ರಾತ್ರಿಯಿಡೀ ಹೊಟ್ಟೆಯೊಳಗೆ ಮೇಕೆ ಕೂಗಿದ ಹಾಗೆ ಅನ್ನಿಸಿತು. ಆದರೂ ಸುಮಾರು ಒಂದು ವರ್ಷದಲ್ಲಿ ಐದಾರು ಸಲ ತಿಂದರು. ಕೊನೆಗೆ ಬಿಟ್ಟಿದ್ದು ಮೇಕೆಯ ಮೇಲಿನ ಕರುಣೆಯಿಂದಲ್ಲ, ಅಪ್ಪ ಅಮ್ಮನಿಗೆ ಸುಳ್ಳು ಹೇಳಲಾರದೆ.

1888ರಲ್ಲಿ ಲಂಡನ್‌ಗೆ ಹೊರಟಾಗ ಮಾಂಸ ಮುಟ್ಟುವುದಿಲ್ಲ ಎಂದು ತಾಯಿಗೆ ಮಾತು ಕೊಟ್ಟರು. ಅಲ್ಲಿ ಬೇಯಿಸಿದ ಸಪ್ಪೆ ತರಕಾರಿ, ಬ್ರೆಡ್ಡು ತಿಂದು ಅರೆಹೊಟ್ಟೆಯಲ್ಲಿದ್ದ ದಿನಗಳಲ್ಲಿ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಹೋಟೆಲು ಸಿಕ್ಕಿತು. ಅಲ್ಲೇ ಮಾರಾಟಕ್ಕಿಟ್ಟಿದ್ದ ಹೆನ್ರಿ ಸಾಲ್ಟ್ ಅವರ ಪುಸ್ತಕ ಕೊಂಡು ಓದಿದರು. ಅಲ್ಲಿಯವರೆಗೆ ಅಮ್ಮನಿಗೆ ಕೊಟ್ಟ ಮಾತಾಗಿದ್ದ ಸಸ್ಯಾಹಾರ ಅವತ್ತಿನಿಂದ ಅವರದೇ ನಂಬಿಕೆಯಾಯಿತು. ಮುಂದೆ ಅಲ್ಲಿನ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಗೂ ಸೇರಿದರು. ಸ್ವಲ್ಪ ಕಾಲ ಮೊಟ್ಟೆ ತಿಂದು, ಅಮ್ಮನ ಲೆಕ್ಕದಲ್ಲಿ ಮೊಟ್ಟೆಯೂ ಮಾಂಸವೇ ಎಂದು ಹೊಳೆದ ಮೇಲೆ ಅದನ್ನೂ ಬಿಟ್ಟರು.

ಹಾಲಿನ ಸರದಿ ಬಂದದ್ದು ದಕ್ಷಿಣ ಆಫ್ರಿಕಾದಲ್ಲಿ. 1912ರಲ್ಲಿ, ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ ಗೆಳೆಯ ಕ್ಯಾಲೆನ್‌ಬಾಕ್ ಜೊತೆ ಸೇರಿ ಹಾಲು ಬಿಟ್ಟರು. ಕಾರಣ ಎರಡು. ಹಾಲು ಕಾಮವನ್ನು ಕೆರಳಿಸುತ್ತದೆ ಎಂದು ಅವರು ನಂಬಿದ್ದರು, ಬ್ರಹ್ಮಚರ್ಯಕ್ಕೆ ಅದು ಅಡ್ಡಿ ಎಂಬ ಲೆಕ್ಕ. ಇನ್ನೊಂದು, ಕೊನೆಯ ಹನಿಯವರೆಗೂ ಹಾಲು ಹಿಂಡಲು ಕಲ್ಕತ್ತೆಯಲ್ಲಿ ಹಸು, ಎಮ್ಮೆಗಳಿಗೆ ಮಾಡುತ್ತಿದ್ದ ಫೂಕಾ ಎಂಬ ಹಿಂಸೆಯ ಬಗ್ಗೆ ಓದಿದ್ದು. ಮೊದಲನೆಯ ಕಾರಣಕ್ಕೆ ವಿಜ್ಞಾನದಲ್ಲಿ ಆಧಾರವಿಲ್ಲ. ಎರಡನೆಯದು ಇವತ್ತಿನ ವೀಗನ್ ಹುಡುಗ ಹುಡುಗಿಯರು ಹೇಳುವ ಕಾರಣಕ್ಕೆ ತೀರಾ ಹತ್ತಿರ. ಕಡಲೆಕಾಯಿ, ಬಾಳೆಹಣ್ಣು, ಖರ್ಜೂರ, ನಿಂಬೆ, ಆಲಿವ್ ಎಣ್ಣೆ, ಇಷ್ಟೇ ಅವರ ಊಟವಾಯಿತು. ವೀಗನ್ ಎಂಬ ಪದ ಆಗಿನ್ನೂ ಹುಟ್ಟಿರಲಿಲ್ಲ, ಅದನ್ನು ಇಂಗ್ಲೆಂಡಿನಲ್ಲಿ ಕಟ್ಟಿದ್ದು 1944ರಲ್ಲಿ.

ಫಾರ್ವರ್ಡ್ ಇಲ್ಲಿಗೇ ಕತೆ ನಿಲ್ಲಿಸುತ್ತದೆ. ಕತೆ ನಿಂತಿರಲಿಲ್ಲ.

1918ರಲ್ಲಿ ಗುಜರಾತಿನ ಖೇಡಾದಲ್ಲಿ ಊರೂರು ಸುತ್ತುತ್ತಿದ್ದಾಗ ಹೊಟ್ಟೆ ಕೆಟ್ಟಿತ್ತು. ಒಂದು ಹಬ್ಬದ ದಿನ ಕಸ್ತೂರಬಾ ಮಾಡಿದ್ದ ಸಿಹಿ ಗೋಧಿ ಗಂಜಿ, ಹೆಸರುಕಾಳು ನೋಡಿ ಆಸೆ ತಡೆಯದೆ ತಿಂದರು. ಜೋರಾಗಿ ಆಮಶಂಕೆ ಹಿಡಿಯಿತು. ಸಾಯುತ್ತೇನೆ ಎಂದೇ ಅಂದುಕೊಂಡರು. ತಿಂಗಳುಗಟ್ಟಲೆ ಚೇತರಿಸಿಕೊಳ್ಳಲಿಲ್ಲ. ಹಾಲು ಕುಡಿಯದೆ ಈ ಮೈ ಮತ್ತೆ ತುಂಬಿಕೊಳ್ಳುವುದಿಲ್ಲ ಎಂದರು ಮುಂಬಯಿಯ ಡಾಕ್ಟರ್ ದಲಾಲ್. ವ್ರತವಿದೆ, ಆಗದು ಎಂದರು ಗಾಂಧೀಜಿ. ಪಕ್ಕದಲ್ಲೇ ಇದ್ದ ಕಸ್ತೂರಬಾ ಒಂದು ದಾರಿ ತೋರಿಸಿದರು: ವ್ರತ ಮಾಡಿದಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆ ಹಾಲು, ಹಾಗಾದರೆ ಮೇಕೆ ಹಾಲಿಗೆ ಅಡ್ಡಿ ಏನು?

ಗಾಂಧೀಜಿ ಒಪ್ಪಿದರು. ಅಕ್ಷರ ಉಳಿಯಿತು, ವ್ರತದ ಜೀವ ಹೋಯಿತು ಎಂದು ಅವರಿಗೇ ಗೊತ್ತಿತ್ತು. ಆತ್ಮಕಥೆಯಲ್ಲಿ ಇದನ್ನು ಮುಚ್ಚಿಡದೆ ಬರೆದುಕೊಂಡಿದ್ದಾರೆ. ಮುಂದಿನ ಸತ್ಯಾಗ್ರಹಕ್ಕಾಗಿ ಬದುಕಬೇಕೆಂಬ ಆಸೆ ಗೆದ್ದಿತ್ತು. ಅಂದರೆ ಮೇಕೆ ಹಾಲು ಅವರು ಅಮೃತವೆಂದು ಆರಿಸಿಕೊಂಡದ್ದಲ್ಲ. ಅದೊಂದು ರಾಜಿ, ಕೊನೆವರೆಗೂ ಚುಚ್ಚುತ್ತಿದ್ದ ರಾಜಿ.

ನಮ್ಮ ಕಡೆಗೆ ಬಂದದ್ದು 1927ರಲ್ಲಿ. ಪ್ರವಾಸದ ಮಧ್ಯೆ ರಕ್ತದೊತ್ತಡ ಏರಿ, ಏಪ್ರಿಲ್‌ನಿಂದ ಸುಮಾರು 45 ದಿನ ನಂದಿಬೆಟ್ಟದಲ್ಲಿ, ಆಮೇಲೆ ಬೆಂಗಳೂರಿನ ಕುಮಾರ ಪಾರ್ಕಿನಲ್ಲಿ ವಿಶ್ರಾಂತಿ. ಆಗಲೂ ಮೇಕೆ ಹಾಲೇ. ವಿಚಿತ್ರವೆಂದರೆ, ಹಸುವಿನ ಹಾಲು ಬಿಟ್ಟಿದ್ದ ಈ ಮನುಷ್ಯ ಬೆಂಗಳೂರಿನ ಇಂಪೀರಿಯಲ್ ಡೇರಿ ಸಂಸ್ಥೆಗೆ ಹೋಗಿ ಹೈನುಗಾರಿಕೆಯ ಪಾಠ ಕಲಿತರು. ಹಸು ಸಾಕಿದವನಿಗೆ ಲಾಭ ತಂದರೆ ಕಟುಕನ ಪಾಲಾಗುವುದಿಲ್ಲ ಎಂಬುದು ಅವರ ವಾದ. ಇವತ್ತಿನ ಅರ್ಥದಲ್ಲಿ ಅವರನ್ನು ವೀಗನ್ ಎನ್ನಲು ನನಗೆ ಮನಸ್ಸು ಬರದಿರುವುದು ಇದಕ್ಕೇ.

ಆ ಆಗಸ್ಟ್‌ನಲ್ಲಿ ಮೈಸೂರು ಸಂಸ್ಥಾನದ ಪ್ರವಾಸದಲ್ಲಿ ಅರಸೀಕೆರೆ, ಹಾಸನದ ಕಡೆಗೂ ಬಂದರು. ಬೇಲೂರಿನ ಗುಡಿಯಲ್ಲಿ ಕಂಡ ಒಂದು ಶಿಲ್ಪ ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಬೇಲೂರಿಗೆ ಹೋದವರಿಗೆ ಗೈಡುಗಳು ತಪ್ಪದೆ ತೋರಿಸುತ್ತಾರೆ: ಸೀರೆ ಕೊಡವುತ್ತಿರುವ ಹೆಣ್ಣು, ಕೆಳಗೆ ಬಿದ್ದ ಚೇಳು. ನಾವು ಫೋಟೊ ತೆಗೆದು ಹಳೇಬೀಡಿನ ಬಸ್ಸು ಹತ್ತುತ್ತೇವೆ. ಅವರಿಗೆ ಅದರಲ್ಲಿ ಕಂಡದ್ದು ಕಾಮವನ್ನು ಮೈಯಿಂದ ಕಿತ್ತೊಗೆಯುವ ಒದ್ದಾಟ. ಹಾಲು ಬಿಡಲು ಅವರು ಕೊಟ್ಟಿದ್ದ ಮೊದಲ ಕಾರಣ ನೆನಪಿಸಿಕೊಂಡರೆ, ಆ ಚೇಳು ಅವರಿಗೇಕೆ ಅಷ್ಟು ನಾಟಿತು ಎಂದು ತಿಳಿಯುತ್ತದೆ.

1929ರಲ್ಲಿ ಇನ್ನೊಂದು ಪ್ರಯತ್ನ. ಬೇಯಿಸದ ಕಾಳು, ಹಣ್ಣು, ತರಕಾರಿಯಲ್ಲೇ ಬದುಕಲು ನೋಡಿದರು. ಆಗಸ್ಟ್ ಹೊತ್ತಿಗೆ ಮತ್ತೆ ಆಮಶಂಕೆ, ಮತ್ತೆ ಮೇಕೆ ಹಾಲು. ಸೋತೆ ಎಂದು ತಮ್ಮ ಪತ್ರಿಕೆಯಲ್ಲೇ ಪ್ರಕಟಿಸಿದರು. ಹಾಲಿನಷ್ಟೇ ಪುಷ್ಟಿ ಕೊಡುವ ಸಸ್ಯ ಮೂಲದ ಆಹಾರ ಗೊತ್ತಿರುವವರು ತಿಳಿಸಿ ಎಂದು ಓದುಗರನ್ನು, ವೈದ್ಯರನ್ನು ಕೇಳುತ್ತಲೇ ಇದ್ದರು. ಸಮಾಧಾನದ ಉತ್ತರ ಸಿಗಲಿಲ್ಲ.

ಉತ್ತರದ ಒಂದು ಮುಖ್ಯ ಭಾಗ ಸಿಕ್ಕಿದ್ದು 1948ರಲ್ಲಿ. ಜನವರಿ 30ರಂದು ಗಾಂಧೀಜಿ ಹತ್ಯೆಯಾಯಿತು. ಕೆಂಪು ಹರಳಿನ ರೂಪದಲ್ಲಿ ವಿಟಮಿನ್ ಬಿ12 ಅನ್ನು ಬೇರ್ಪಡಿಸಿದ ಸುದ್ದಿ ಅಮೆರಿಕದ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿದ್ದು ಅದೇ ವರ್ಷ ಏಪ್ರಿಲ್‌ನಲ್ಲಿ. ಎರಡೂವರೆ ತಿಂಗಳ ಅಂತರ.

ಈ ವಿಟಮಿನ್ ತಯಾರಿಸುವುದು ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ, ಸೂಕ್ಷ್ಮಜೀವಿಗಳು. ನಮಗೆ ಅದು ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದ ಮೂಲಕ. ಸೊಪ್ಪು, ಕಾಳು, ಕಡಲೆಕಾಯಿಯಲ್ಲಿ ನಂಬುವಷ್ಟು ಇರುವುದಿಲ್ಲ. ಕ್ಯಾಲ್ಸಿಯಂಗಾದರೆ ನಮ್ಮ ರಾಗಿಯೇ ಸಾಕಷ್ಟು ಒದಗಿಸುತ್ತದೆ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚಿದೆ. ಬಿ12 ವಿಷಯದಲ್ಲಿ ರಾಗಿ ಮುದ್ದೆಯೂ ಕೈಕೊಡುತ್ತದೆ. ಪಿತ್ತಜನಕಾಂಗದಲ್ಲಿ ಕೆಲವು ವರ್ಷಕ್ಕಾಗುವಷ್ಟು ದಾಸ್ತಾನು ಇರುವುದರಿಂದ ಹಾಲು ಬಿಟ್ಟ ಮೊದಲ ವರ್ಷ ಏನೂ ಆಗದಿರಬಹುದು. ಜನ ಮೋಸ ಹೋಗುವುದು ಇಲ್ಲೇ. ಆಮೇಲೆ ಸುಸ್ತು, ಕೈಕಾಲು ಜೋಮು, ಮರೆವು, ರಕ್ತಹೀನತೆ. ಬಹಳ ತಡವಾದರೆ ನರಗಳಿಗೆ ಆದ ಪೆಟ್ಟು ಪೂರ್ತಿ ಸರಿಹೋಗದೇ ಇರಬಹುದು. ಗಾಂಧೀಜಿಗೆ 1918ರಲ್ಲಿ ಆಗಿದ್ದು ಬಿ12 ಕೊರತೆಯೇ ಎಂದು ಮಾತ್ರ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಆಗಿದ್ದು ಆಮಶಂಕೆ.

ಇನ್ನು ಮೇಕೆ ಹಾಲು. ಅದು ಒಳ್ಳೆಯ ಆಹಾರ, ಅಷ್ಟೇ. ಹಸುವಿನ ಹಾಲಿನ ಅಲರ್ಜಿ ಇರುವ ಹೆಚ್ಚಿನವರಿಗೆ ಅದೂ ಆಗುವುದಿಲ್ಲ. ಅದರಲ್ಲಿ ಫೋಲೇಟ್ ತೀರಾ ಕಡಿಮೆ, ಹಾಗಾಗಿ ವರ್ಷದೊಳಗಿನ ಕೂಸಿಗೆ ತಾಯಿಹಾಲಿನ ಬದಲು ಕೊಟ್ಟರೆ ರಕ್ತಹೀನತೆ ಬರಬಹುದು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಏರಿಸುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆಯಿಲ್ಲ.

ನಮ್ಮ ದೊಡ್ಡಮ್ಮ ಈಗಲೂ ಹಾಲು ಮುಟ್ಟುವುದಿಲ್ಲ. ಅರಸೀಕೆರೆಯಲ್ಲಿ ಕಸ್ತೂರಬಾ ಹೆಸರಿನ ಕಸ್ತೂರಬಾಗ್ರಾಮವಿದೆ, ಆ ದಾರಿಯಲ್ಲಿ ಎಷ್ಟೋ ಸಲ ಓಡಾಡಿದವರು ಅವರು. ಮೇಕೆ ಹಾಲಿನ ಉಪಾಯ ಆ ಕಸ್ತೂರಬಾ ಅವರದ್ದೇ ಎಂದು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಹೋಗಿ ಅಕ್ಕಿ ಡಬ್ಬದ ಹಿಂದಿನಿಂದ ಮಾತ್ರೆ ತಂದರು. ಮುಂದಿನ ವಾರ ರಕ್ತ ಪರೀಕ್ಷೆಗೂ ಬಂದರು. ಕಾಫಿಗೆ ಮಾತ್ರ ಎರಡು ದಿನ ತೆಂಗಿನಕಾಯಿ ಹಾಲು ಹಾಕಿ ನೋಡಿ, ರುಚಿಗೆ ಹೊಂದದೆ, ಈಗ ಕರಿ ಕಾಫಿಯನ್ನೇ ಕುಡಿಯುತ್ತಿದ್ದಾರೆ.