ಮನಸ್ಸಿಗೆ ಹಾಯೆನಿಸುವ ಉದ್ದ ಕೊಳಲು: ಯಾರು ಈ ಪನ್ನಾಲಾಲ್ ಘೋಷ್?
ಅಂಬರನಾಥ: ಕೆಲಸ ಮುಗಿಸಿ ಲೋಕಲ್‌ನಲ್ಲಿ ಕಲ್ಯಾಣ ದಾಟುವಾಗ ಇಯರ್‌ಫೋನ್‌ನಲ್ಲಿ ಮೆಲ್ಲಗೆ ಕೊಳಲು ಕೇಳುವ ಅಭ್ಯಾಸವಿದೆಯೇ? ಹಾಗಿದ್ದರೆ ಪನ್ನಾಲಾಲ್ ಘೋಷ್ ಅವರನ್ನು ನೆನೆಯಲೇಬೇಕು.

1911ರಲ್ಲಿ ಈಗಿನ ಬಾಂಗ್ಲಾದೇಶದ ಬಾರಿಸಾಲ್‌ನಲ್ಲಿ ಹುಟ್ಟಿದ ಅವರು 1940ರಲ್ಲಿ ಮುಂಬೈಗೆ ಬಂದು ಸಿನಿಮಾ ಸಂಗೀತದಲ್ಲಿ ತೊಡಗಿದರು. ಆಗ ಹಿಂದೂಸ್ತಾನಿ ಕಛೇರಿಯಲ್ಲಿ ಕೊಳಲಿಗೆ ಜಾಗವೇ ಇರಲಿಲ್ಲ. ಪುಟ್ಟ ಕೊಳಲಿನ ತೆಳು ದನಿಯಲ್ಲಿ ನಿಧಾನಗತಿಯ ಖಯಾಲ್ ನುಡಿಸುವುದು ಹೇಗೆ? ಸುಮಾರು 32 ಇಂಚಿನ ಬಿದಿರು ಹಿಡಿದರು, ಏಳನೇ ರಂಧ್ರ ಸೇರಿಸಿದರು. ದನಿ ಗಂಭೀರವಾಯಿತು. ಹೆಸರು ಬಂದ ಮೇಲೂ 1947ರಲ್ಲಿ ಅಲ್ಲಾವುದ್ದೀನ್ ಖಾನ್ ಅವರ ಶಿಷ್ಯರಾದದ್ದು ವಿಶೇಷ!

1956ರಲ್ಲಿ ದೆಹಲಿ ಆಕಾಶವಾಣಿ ಸೇರಿದ ಅವರು, 1960ರ ಏಪ್ರಿಲ್ 20ರಂದು ತೀರಿಕೊಂಡಾಗ ವಯಸ್ಸು 48 ಅಷ್ಟೇ. ಆ ಕೊಳಲನ್ನು ಮುಂದುವರಿಸಿದವರಲ್ಲಿ ಅಳಿಯ, ಶಿಷ್ಯ ದೇವೇಂದ್ರ ಮುರ್ಡೇಶ್ವರ ಪ್ರಮುಖರು. ಹೊಸದಾಗಿ ಕೇಳುವವರು ಘೋಷ್ ಅವರ ಯಮನ್‌ನಿಂದ ಶುರುಮಾಡಬಹುದು.