ಕ್ಲಾರಾ ಮಾಸ್: ತನ್ನನ್ನೇ ಒಪ್ಪಿಸಿಕೊಟ್ಟ ಶುಶ್ರೂಷಕಿ

ನಮ್ಮ ಅನೇಕ ಕುಟುಂಬಗಳ ಹೆಣ್ಣುಮಕ್ಕಳು ಶುಶ್ರೂಷಕಿಯರಾಗಿ ದೇಶವಿದೇಶಗಳಲ್ಲಿ ದುಡಿಯುತ್ತಿದ್ದಾರೆ. ಅವರನ್ನು ನೆನೆದು, ಈ ವಾರ ನಾವು ಕ್ಲಾರಾ ಮಾಸ್ ಎಂಬಾಕೆಯ ಬಾಳನ್ನು ತಮ್ಮ ಮುಂದಿಡುತ್ತಿದ್ದೇವೆ. ಆಕೆ ಲೂಥರನ್ ಸಭೆಗೆ ಸೇರಿದವಳು. ಆದರೆ ತ್ಯಾಗಕ್ಕೆ ಸಭಾಭೇದವಿಲ್ಲ.

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ, 1876ರ ಜೂನ್ 28ರಂದು, ಜರ್ಮನಿಯಿಂದ ವಲಸೆ ಬಂದ ಬಡ ದಂಪತಿಗಳ ಹಿರಿಯ ಮಗಳಾಗಿ ಕ್ಲಾರಾ ಜನಿಸಿದಳು. ಒಡಹುಟ್ಟಿದವರು ಹಲವರಾದುದರಿಂದ ಎಳೆಯ ವಯಸ್ಸಿನಲ್ಲಿಯೇ ಸಂಸಾರದ ಭಾರಕ್ಕೆ ಹೆಗಲು ಕೊಡಬೇಕಾಯಿತು. ನೆವಾರ್ಕ್ ನಗರದ ಜರ್ಮನ್ ಆಸ್ಪತ್ರೆಯಲ್ಲಿ 1895ರಲ್ಲಿ ತರಬೇತಿ ಮುಗಿಸಿ, ಕೆಲವೇ ವರ್ಷಗಳಲ್ಲಿ ಅಲ್ಲಿಯೇ ಮುಖ್ಯ ಶುಶ್ರೂಷಕಿಯಾದಳು. 1898ರಲ್ಲಿ ಸ್ಪೇನ್ ಮತ್ತು ಅಮೆರಿಕಗಳ ನಡುವೆ ಯುದ್ಧವಾದಾಗ ಸೇನೆಯ ಸೇವೆಗೆ ಹೊರಟಳು. ಆ ಯುದ್ಧದಲ್ಲಿ ಗುಂಡಿಗಿಂತ ಹೆಚ್ಚು ಸೈನಿಕರನ್ನು ಬಲಿ ತೆಗೆದುಕೊಂಡದ್ದು ರೋಗ. ಫಿಲಿಪ್ಪೀನ್ಸ್‌ನಲ್ಲಿ ಸೇವೆಯಲ್ಲಿದ್ದಾಗ ಸ್ವತಃ ಡೆಂಗೆ ಜ್ವರಕ್ಕೆ ತುತ್ತಾಗಿ ಮನೆಗೆ ಮರಳಿದಳು.

ಆದರೂ 1900ರಲ್ಲಿ ಕ್ಯೂಬಾದ ಹವಾನಾದಿಂದ ಕರೆ ಬಂದಾಗ ಆಕೆ ಹಿಂಜರಿಯಲಿಲ್ಲ. ಅಲ್ಲಿ ಹಳದಿ ಜ್ವರ ಜನರನ್ನು ಕಾಡುತ್ತಿತ್ತು. ಅದನ್ನು ಹರಡುವುದು ಸೊಳ್ಳೆಯೆಂದು ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲಿಯೇ ಸೂಚಿಸಿದ್ದರು. ವಾಲ್ಟರ್ ರೀಡರ ತಂಡ ಅದನ್ನು ದೃಢಪಡಿಸಿತು. ಸೋಂಕಿತ ಸೊಳ್ಳೆಯಿಂದ ಕಚ್ಚಿಸಿಕೊಂಡು ಸೌಮ್ಯ ರೂಪದಲ್ಲಿ ರೋಗ ಬಂದರೆ, ಲಸಿಕೆಯಂತೆ ಅದು ಮುಂದಕ್ಕೆ ರಕ್ಷಣೆ ನೀಡಬಹುದೆಂದು ವೈದ್ಯರು ಎಣಿಸಿದರು. ಒಪ್ಪಿದವರಿಗೆ 100 ಡಾಲರ್ ಸಂಭಾವನೆ. ಕ್ಲಾರಾ ಮುಂದೆ ಬಂದಳು. ಮೊದಲು ಸೌಮ್ಯವಾಗಿ ಜ್ವರ ಬಂದು ಗುಣವಾಯಿತು. ರಕ್ಷಣೆ ದೊರೆತಿದೆಯೇ ಎಂದು ಪರೀಕ್ಷಿಸಲು 1901ರ ಆಗಸ್ಟ್ 14ರಂದು ಮತ್ತೆ ಸೊಳ್ಳೆಗೆ ಕೈಯೊಡ್ಡಿದಳು. ಆಗಸ್ಟ್ 24ರಂದು ಪ್ರಾಣಬಿಟ್ಟಳು. ಆಗ ಆಕೆಗೆ 25 ವರ್ಷ. ಇನ್ನಿಬ್ಬರೂ ಅದೇ ಪ್ರಯೋಗದಲ್ಲಿ ಮಡಿದಿದ್ದರು. ಜನ ಕೆರಳಿದರು, ಪ್ರಯೋಗ ನಿಂತಿತು.

ಇಲ್ಲಿ ನಾವು ಎರಡನ್ನು ಬೇರ್ಪಡಿಸಿ ನೋಡಬೇಕು. ಪರರಿಗಾಗಿ ತನ್ನನ್ನು ತಾನೇ ಅರ್ಪಿಸಿಕೊಳ್ಳುವುದು ದಾನ. ಅದು ಪ್ರೀತಿಯ ಶಿಖರ. ಆದರೆ ಬಡವನ ಕೊರತೆಗೆ ಬೆಲೆ ಕಟ್ಟಿ ಅವನ ದೇಹವನ್ನು ಸಾಧನವಾಗಿ ಬಳಸುವುದು, ಉದ್ದೇಶ ಎಷ್ಟೇ ಉದಾತ್ತವಾಗಿದ್ದರೂ, ಮಾನವನ ಘನತೆಗೆ ಸಲ್ಲದು. ಕ್ಲಾರಾಳ ದಾನವನ್ನು ನಾವು ಗೌರವಿಸುತ್ತೇವೆ. ಅದನ್ನು ಪಡೆದುಕೊಂಡ ರೀತಿಯನ್ನು ಪ್ರಶ್ನಿಸುತ್ತೇವೆ. ಆಕೆಯ ಸಾವು ಆ ಪ್ರಶ್ನೆಯನ್ನು ವಿಜ್ಞಾನದ ಮುಂದೆಯೂ ಇಟ್ಟಿತು.

ಸೊಳ್ಳೆಯ ಕಡಿತಕ್ಕೆ ಅಳತೆಯಿಲ್ಲ. ಪ್ರಯೋಗಾಲಯದಲ್ಲಿ ರೋಗಾಣುವಿನ ಕಸುವನ್ನೇ ಕುಂದಿಸಿ, 1937ರಲ್ಲಿ ಮ್ಯಾಕ್ಸ್ ಥೀಲರ್ ಮತ್ತು ಸಂಗಡಿಗರು ನಿಜವಾದ ಲಸಿಕೆಯನ್ನು ರೂಪಿಸಿದರು. ಥೀಲರರಿಗೆ 1951ರಲ್ಲಿ ನೊಬೆಲ್ ಪುರಸ್ಕಾರ ಲಭಿಸಿತು. ಇಂದು ಆಫ್ರಿಕದ ಹಲವು ದೇಶಗಳಿಗೆ ಹೋಗುವ ನಮ್ಮವರು ಪ್ರಯಾಣಕ್ಕೆ ಮುನ್ನ ಪಡೆಯುವುದು ಆ ಪರಂಪರೆಯ ಲಸಿಕೆಯನ್ನೇ. ಆ ಸೂಜಿಯ ಕ್ಷಣಿಕ ನೋವಿನಲ್ಲಿ ಕ್ಲಾರಾಳನ್ನು ನೆನೆಯೋಣ. ರೋಗಿಯ ಬಳಿ ಎಚ್ಚರವಿರುವ ನಮ್ಮ ಶುಶ್ರೂಷಕಿಯರನ್ನು ಪ್ರಾರ್ಥನೆಯಲ್ಲಿ ಸ್ಮರಿಸೋಣ.