ತೂತುಗಳಿಂದ ಚಿತ್ರ ಮೂಡಿಸಿದ ಜಕಾರ್ಡ್

ರೇಷ್ಮೆ ಸೀರೆಯ ಸೆರಗಿನಲ್ಲಿ ನವಿಲು, ಹೂವು ಹೇಗೆ ಮೂಡುತ್ತವೆ ಗೊತ್ತಾ? ಅದಕ್ಕೆ ನಮ್ಮ ಬೆಂಗಳೂರಿನ ನೇಕಾರರು ಮಗ್ಗದ ಮೇಲೆ ಜಕಾರ್ಡ್ ಕಟ್ತಾರೆ. ಜಕಾರ್ಡ್ ಅಂದ್ರೆ ಒಬ್ಬರ ಹೆಸರು.

ಜೋಸೆಫ್ ಮಾರಿ ಜಕಾರ್ಡ್ ಅವರು 1752ನೇ ಇಸವಿ ಜುಲೈ 7ರಂದು ಫ್ರಾನ್ಸ್ ದೇಶದ ಲಿಯಾನ್ ನಗರದಲ್ಲಿ ಜನಿಸಿದರು. ತಂದೆ ನೇಕಾರರು. ಆಗ ಹೂವಿನ ಬಟ್ಟೆ ನೇಯುವಾಗ ಪಕ್ಕದಲ್ಲಿ ಒಬ್ಬ ಹುಡುಗ ದಿನವೆಲ್ಲಾ ಹಗ್ಗ ಎಳೆದು ಎಳೆಗಳನ್ನು ಎತ್ತಬೇಕಿತ್ತು. ಮಗ್ಗದ ಆ ಕಷ್ಟ ಬಾಲಕ ಜಕಾರ್ಡರಿಗೆ ತಡೆಯಲಾಗಲಿಲ್ಲ. 13 ವರ್ಷದವರೆಗೂ ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆಮೇಲೆ ಅಕ್ಕನ ಗಂಡ ಕಲಿಸಿದರು. ನಮಗೂ ಈಗ ಅದೇ ವಯಸ್ಸು!

ಹಿಂದಿನವರು ಮಾಡಿದ್ದನ್ನು ಸುಧಾರಿಸಿ 1804ರಲ್ಲಿ ಅವರು ಹೊಸ ಯಂತ್ರ ಮಾಡಿದರು. ಮೊದಲು ಚೌಕುಳಿ ಕಾಗದದಲ್ಲಿ ಚಿತ್ರ ಬರೆಯಬೇಕು. ಒಂದು ಸಾಲಿಗೆ ಒಂದು ರಟ್ಟು. ರಟ್ಟಿನಲ್ಲಿ ತೂತಿದ್ದರೆ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಅಷ್ಟೇ! ಹಗ್ಗ ಎಳೆಯುವ ಹುಡುಗರು ಬೇಕಾಗಲಿಲ್ಲ. ಆದರೆ ಕೆಲಸ ಹೋಗುತ್ತದೆ ಎಂದು ನೇಕಾರರು ಸಿಟ್ಟಿನಿಂದ ವಿರೋಧಿಸಿದರು. ಅವರದೂ ಹೊಟ್ಟೆಪಾಡು ತಾನೇ?

1834ರ ಆಗಸ್ಟ್ 7ರಂದು ಜಕಾರ್ಡ್ ತೀರಿಕೊಂಡರು. 1839ರಲ್ಲಿ ಸುಮಾರು 24,000 ರಟ್ಟುಗಳಿಂದ ಅವರದೇ ಭಾವಚಿತ್ರವನ್ನು ರೇಷ್ಮೆಯಲ್ಲಿ ನೇಯ್ದರು.

ಇವತ್ತು ಕಂಪ್ಯೂಟರಿನ ಚಿತ್ರವೂ ಹೀಗೇ ಚೌಕಗಳ ಸಾಲು. ಒಂದು ಫೈಲಿನಲ್ಲಿ ಮೊದಲು ಪಿ1, ಆಮೇಲೆ ಅಗಲ, ಎತ್ತರ, ನಂತರ ಸಾಲಾಗಿ 0 ಮತ್ತು 1 ಬರೆದು ಪಿಬಿಎಂ ಎಂದು ಉಳಿಸಿದರೆ ಅದೇ ಚಿತ್ರ. 1 ಕಪ್ಪು, 0 ಬಿಳಿ.

ನಮ್ಮ ಕೋಣನಕುಂಟೆಯ ‘ಕೋ’ ಅಕ್ಷರವನ್ನು ಗಣಿತದ ಚೌಕುಳಿ ಹಾಳೆಯಲ್ಲಿ 0, 1ರಿಂದ ಬರೆದು ಕೆಳಗೆ ಅಂಟಿಸಿದ್ದೇನೆ. ನೀವೂ ನಿಮ್ಮ ಹೆಸರು ಬರೆದು ನೋಡಿ.

– 7ನೇ ತರಗತಿ